ಮೊದಲ ಒಂದು ನಿಮಿಷಕ್ಕೆ ಕೈ ಪಳಗಬೇಕು

(ಊರಿನ ಗ್ರಂಥಾಲಯದ ಸಭಾಂಗಣದಲ್ಲಿ ಆಡಿದ ಮಾತುಗಳ ಬರಹ ರೂಪ. ಕೇಳಲು ಬಂದವರಲ್ಲಿ ಸ್ಟಾಫ್ ನರ್ಸ್‌ಗಳು, ಆಶಾ ಕಾರ್ಯಕರ್ತೆಯರು, ಶಾಲೆಯ ಮೇಷ್ಟ್ರುಗಳು, ಪಂಚಾಯಿತಿ ಸದಸ್ಯರು ಇದ್ದರು. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಮಲಗಿಸಿರುವುದು ಬೊಂಬೆ. ಒಳಗೆ ಸುಮಾರು ಎರಡು ಲೀಟರ್ ಉಗುರುಬೆಚ್ಚಗಿನ ನೀರು ತುಂಬಿದ್ದೇನೆ. ಎತ್ತಿಕೊಂಡರೆ ಕತ್ತು ಹಿಂದಕ್ಕೆ ಜೋಲುತ್ತದೆ, ಕೈಕಾಲು ಇಳಿಬೀಳುತ್ತವೆ. ಹುಟ್ಟಿ ಇನ್ನೂ ಅಳದ ಮಗುವನ್ನು ಕೈಗೆ ತೆಗೆದುಕೊಂಡವರಿಗೆ ಈ ಭಾರ ಗೊತ್ತು. ಮಾತು ಮುಗಿದ ಮೇಲೆ ನೀವೂ ಬಂದು ಎತ್ತಿ ನೋಡಿ, ಮುಜುಗರ ಬೇಡ.

ಇವತ್ತು ನನಗೆ ಹೇಳಬೇಕಾಗಿರುವುದು ಒಂದೇ ವಿಷಯ. ಉಸಿರಾಡದ ಮಗುವಿಗೆ ಉಸಿರು ಕೊಡುವುದನ್ನು ಒಂದೇ ದಿನದಲ್ಲಿ ಕಲಿಯಬಹುದು. ಆದರೆ ಒಂದು ದಿನದ ಕಲಿಕೆ ಕೈಯಲ್ಲಿ ಉಳಿಯುವುದಿಲ್ಲ. ವಾರಕ್ಕೆ ಐದು ನಿಮಿಷವಾದರೂ ಸರಿ, ಹೆರಿಗೆ ಕೋಣೆಯಲ್ಲೇ ಆ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಿರಬೇಕು. ಇದು ನನ್ನ ಅನಿಸಿಕೆ ಮಾತ್ರ ಅಲ್ಲ. ಟಾಂಜಾನಿಯಾದ ಒಂದು ಹಳ್ಳಿ ಆಸ್ಪತ್ರೆ ಇದನ್ನು ಲೆಕ್ಕ ಇಟ್ಟು ತೋರಿಸಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಮಗು ಹುಟ್ಟುವಾಗ ಏನಾಗುತ್ತದೆ ನೋಡೋಣ. ಹೊಟ್ಟೆಯಲ್ಲಿದ್ದಾಗ ಮಗುವಿನ ಶ್ವಾಸಕೋಶದ ತುಂಬ ಗಾಳಿಯಿಲ್ಲ, ನೀರಿದೆ. ಆಮ್ಲಜನಕ ಬರುವುದು ಅಮ್ಮನ ರಕ್ತದಿಂದ, ಮಾಸು ಮತ್ತು ಹೊಕ್ಕುಳಬಳ್ಳಿಯ ದಾರಿಯಲ್ಲಿ. ಹುಟ್ಟಿದ ಕೂಡಲೇ ಆ ದಾರಿ ಮುಚ್ಚುತ್ತದೆ. ಆಗ ಮಗು ಎದೆ ಸೆಟೆದು ಒಳಗಿನ ನೀರನ್ನು ಸರಿಸಿ, ಅದೇ ಜಾಗಕ್ಕೆ ಗಾಳಿ ಎಳೆದುಕೊಳ್ಳಬೇಕು. ಒದ್ದೆಯಾದ ಪ್ಲಾಸ್ಟಿಕ್ ಕವರಿನ ಬಾಯಿ ಬಿಡಿಸುವಾಗ ಎರಡು ಪದರ ಅಂಟಿಕೊಂಡು ಸತಾಯಿಸುತ್ತವಲ್ಲ, ಮೊದಲ ಉಸಿರಿನ ಕಷ್ಟ ಆ ಥರದ್ದು. ಒಮ್ಮೆ ತೆರೆದುಕೊಂಡರೆ ಮುಂದಿನ ಉಸಿರುಗಳು ಸಲೀಸು.

ನೂರು ಮಕ್ಕಳಲ್ಲಿ ಸುಮಾರು 85 ಮಕ್ಕಳು ಯಾರ ಹಂಗೂ ಇಲ್ಲದೆ ಅರ್ಧ ನಿಮಿಷದೊಳಗೆ ಉಸಿರಾಡುತ್ತವೆ. ಇನ್ನೊಂದು ಹತ್ತು ಮಕ್ಕಳಿಗೆ ಮೈ ಒರೆಸಿ, ಬೆನ್ನು ಉಜ್ಜಿದರೆ ಸಾಕು. ಅದಕ್ಕೂ ಏಳದ ಮೂರರಿಂದ ಆರು ಮಕ್ಕಳಿಗೆ ಬ್ಯಾಗ್, ಅಂದರೆ ಕೈಯಲ್ಲಿ ಒತ್ತಿ ಗಾಳಿ ತಳ್ಳುವ ಚೀಲ, ಮತ್ತು ಮುಖಕ್ಕೆ ಹಿಡಿಯುವ ಮಾಸ್ಕಿನಿಂದ ಗಾಳಿ ಕೊಡಬೇಕು. ಔಷಧಿ, ಟ್ಯೂಬು, ಎದೆ ಒತ್ತುವುದು ಇವೆಲ್ಲ ಬೇಕಾಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ ಮಕ್ಕಳಿಗೆ. ಅಂದರೆ ದೊಡ್ಡ ಯಂತ್ರ ಇಲ್ಲದ ಸಣ್ಣ ಆಸ್ಪತ್ರೆಯಲ್ಲೂ ಹೆಚ್ಚು ಕಡಿಮೆ ಎಲ್ಲ ಮಕ್ಕಳನ್ನು ಉಸಿರಾಡಿಸುವ ಉಪಾಯ ನಮ್ಮ ಕೈಯಲ್ಲಿದೆ. 2022ರಲ್ಲಿ ಪ್ರಪಂಚದಲ್ಲಿ ಹುಟ್ಟಿದ ಮೊದಲ ತಿಂಗಳಲ್ಲೇ ತೀರಿಕೊಂಡ ಮಕ್ಕಳು ಸುಮಾರು 23 ಲಕ್ಷ. ಹೆರಿಗೆಯ ಹೊತ್ತಿನ ಉಸಿರುಗಟ್ಟುವಿಕೆ ಈ ಸಾವುಗಳ ಮುಖ್ಯ ಕಾರಣಗಳಲ್ಲಿ ಒಂದು.

ಯಾಕೆ ಮೊದಲ ಒಂದು ನಿಮಿಷ? 1960ರ ದಶಕದಲ್ಲಿ ಆಕ್ಸ್‌ಫರ್ಡಿನ ಜೆಫ್ರಿ ಡಾವ್ಸ್ ಎಂಬ ವಿಜ್ಞಾನಿ ಪ್ರಾಣಿಗಳ ಮರಿಗಳ ಮೇಲೆ ಪ್ರಯೋಗ ಮಾಡಿ ಇದನ್ನು ಬಿಡಿಸಿ ತೋರಿಸಿದರು. ಆಮ್ಲಜನಕ ಸಿಗದಿದ್ದಾಗ ಮರಿ ಮೊದಲು ಜೋರಾಗಿ ಉಸಿರೆಳೆಯಲು ಒದ್ದಾಡುತ್ತದೆ, ನಂತರ ಉಸಿರು ನಿಲ್ಲುತ್ತದೆ. ಈ ಮೊದಲ ನಿಲುಗಡೆಯಲ್ಲಿ ಮೈ ಉಜ್ಜಿದರೆ ಉಸಿರು ಮರಳುತ್ತದೆ. ಆ ಹೊತ್ತು ಕಳೆದರೆ ಕೆಲವು ಏದುಸಿರು ಬಂದು ಮತ್ತೆ ನಿಲ್ಲುತ್ತದೆ. ಈ ಎರಡನೇ ನಿಲುಗಡೆಯಲ್ಲಿ ಎಷ್ಟು ಉಜ್ಜಿದರೂ ಪ್ರಯೋಜನ ಇಲ್ಲ, ಗಾಳಿ ಕೊಡಲೇಬೇಕು. ತೊಂದರೆ ಏನಂದರೆ, ಟೇಬಲ್ ಮೇಲೆ ಮಲಗಿರುವ ಮಗು ಮೊದಲನೆಯದರಲ್ಲಿದೆಯೋ ಎರಡನೆಯದರಲ್ಲಿದೆಯೋ ನೋಡಿ ಹೇಳಲು ಯಾರಿಂದಲೂ ಆಗುವುದಿಲ್ಲ. ಹೊಟ್ಟೆಯಲ್ಲಿರುವಾಗಲೇ ಮೊದಲನೆಯದು ಮುಗಿದು ಹೋಗಿರಬಹುದು. ಆದ್ದರಿಂದ ನಿಯಮ ಸರಳ: ಒರೆಸಿ, ಉಜ್ಜಿ, ಉಸಿರು ಬರಲಿಲ್ಲವೇ, ಒಂದು ನಿಮಿಷ ಮುಗಿಯುವುದರೊಳಗೆ ಬ್ಯಾಗ್ ಕೈಗೆತ್ತಿಕೊಳ್ಳಿ. ಮಗುವಿನ ಉಸಿರು, ಎದೆಬಡಿತ, ಬಣ್ಣ ಇತ್ಯಾದಿ ನೋಡಿ ಕೊಡುವ ಒಂದು ನಿಮಿಷದ ಅಪ್ಗಾರ್ ಅಂಕ ಬರೆದು ಆಮೇಲೆ ಶುರು ಮಾಡೋಣ ಎಂದು ಕಾಯುವುದು ತಪ್ಪು.

ಇನ್ನೊಂದು ಮಾತು. ಬಹಳ ಜನ ‘ಆಕ್ಸಿಜನ್ ಸಿಲಿಂಡರ್ ಇಲ್ಲ, ಏನು ಮಾಡೋಕಾಗುತ್ತೆ’ ಅನ್ನುತ್ತಾರೆ. ಉಸಿರಾಡದ ನವಜಾತ ಮಗುವಿಗೆ ಶುರುವಿನಲ್ಲಿ ಈ ಕೋಣೆಯಲ್ಲಿರುವ ಮಾಮೂಲಿ ಗಾಳಿಯೇ ಸಾಕು. ಇದನ್ನು ಪ್ರಪಂಚಕ್ಕೆ ತೋರಿಸಿಕೊಟ್ಟವರಲ್ಲಿ ನಮ್ಮ ದೇಶದವರಿದ್ದಾರೆ. ದೆಹಲಿಯ ಮೌಲಾನಾ ಆಜಾದ್ ವೈದ್ಯಕೀಯ ಕಾಲೇಜಿನ ಡಾ. ಸಿದ್ಧಾರ್ಥ ರಾಮ್‌ಜಿ ಮತ್ತು ನಾರ್ವೆಯ ಓಲಾ ಸೌಗ್‌ಸ್ಟಾಡ್ ಜೊತೆಗೂಡಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಮೂಲಿ ಗಾಳಿ ಪಡೆದ ಮಕ್ಕಳು ಶುದ್ಧ ಆಮ್ಲಜನಕ ಪಡೆದ ಮಕ್ಕಳಷ್ಟೇ ಚೆನ್ನಾಗಿ ಚೇತರಿಸಿಕೊಂಡರು. ಆಗ ಎಲ್ಲರೂ ಹುಬ್ಬೇರಿಸಿದ್ದರು. 2010ರ ಹೊತ್ತಿಗೆ ಅಂತರರಾಷ್ಟ್ರೀಯ ಮಾರ್ಗಸೂಚಿಗಳೇ ಬದಲಾದವು. ಹಳ್ಳಿ ಆಸ್ಪತ್ರೆಗಳ ಪಾಲಿಗೆ ಇದಕ್ಕಿಂತ ದೊಡ್ಡ ಸುದ್ದಿ ಇನ್ನೇನಿದೆ? ಸಿಲಿಂಡರ್ ಖಾಲಿಯಾಗಿದ್ದರೂ ಮಗುವಿನ ಕೆಲಸ ನಿಲ್ಲಬೇಕಾಗಿಲ್ಲ.

ಹಾಗಾದರೆ ಇಷ್ಟು ಸುಲಭವಾಗಿದ್ದೂ ಮಕ್ಕಳು ಯಾಕೆ ಸಾಯುತ್ತಿದ್ದಾರೆ? ಸರಳ ಇರುವುದೆಲ್ಲ ಸುಲಭ ಅಲ್ಲ. ಈಗ ತೋರಿಸುತ್ತೇನೆ, ಮುಂದೆ ಕೂತವರು ಸ್ವಲ್ಪ ಬಗ್ಗಿ ನೋಡಿ.

ಬೊಂಬೆಯನ್ನು ಬೆನ್ನ ಮೇಲೆ ಮಲಗಿಸಿದೆ. ಮಾಸ್ಕು ಗಲ್ಲದ ತುದಿ, ಬಾಯಿ, ಮೂಗು ಇಷ್ಟನ್ನು ಮುಚ್ಚಬೇಕು. ಕಣ್ಣಿನ ಮೇಲೆ ಹೋಗಬಾರದು. ಹೆಬ್ಬೆರಳು, ತೋರುಬೆರಳು ಮಾಸ್ಕಿನ ಮೇಲೆ, ಉಳಿದ ಮೂರು ಬೆರಳು ದವಡೆಯ ಮೂಳೆಯ ಕೆಳಗೆ. ಮಾಸ್ಕನ್ನು ಮುಖಕ್ಕೆ ಅದುಮುವುದಲ್ಲ, ಮುಖವನ್ನು ಮಾಸ್ಕಿನತ್ತ ಎತ್ತಿಕೊಳ್ಳುವುದು. ಈಗ ಬ್ಯಾಗ್ ಒತ್ತುತ್ತೇನೆ. ನೋಡಿ, ಎದೆ ಏಳಲಿಲ್ಲ. ಕೆನ್ನೆಯ ಪಕ್ಕದಿಂದ ‘ಸುಸ್’ ಅಂತ ಗಾಳಿ ಹೋಯಿತು, ಕೇಳಿಸಿತಲ್ವಾ? ಇದು ಬೇಕೆಂದೇ ಮಾಡಿದ್ದು. ಕತ್ತನ್ನು ಸ್ವಲ್ಪ ಹಿಂದಕ್ಕೆ ಓರೆ ಮಾಡುತ್ತೇನೆ, ಜಾಸ್ತಿ ಅಲ್ಲ. ಮಾಸ್ಕನ್ನು ಮತ್ತೆ ಕೂರಿಸಿದೆ. ಈಗ ಒತ್ತಿದರೆ ಎದೆ ಮೆಲ್ಲಗೆ ಎದ್ದಿತು.

ಕತ್ತು ಮುಂದಕ್ಕೆ ಬಾಗಿದ್ದರೂ ಗಾಳಿ ಹೋಗುವುದಿಲ್ಲ, ಜಾಸ್ತಿ ಹಿಂದಕ್ಕೆ ಬಾಗಿದ್ದರೂ ಹೋಗುವುದಿಲ್ಲ. ಮೂರು ಕೆಜಿಯ ಮಗುವಿಗೆ ಒಂದು ಉಸಿರಿಗೆ ಬೇಕಾದ ಗಾಳಿ ಹದಿನೈದು ಇಪ್ಪತ್ತು ಮಿಲಿಲೀಟರ್, ಅಂದರೆ ಮೂರು ನಾಲ್ಕು ಟೀ ಚಮಚದಷ್ಟು. ಬ್ಯಾಗಿನಲ್ಲಿ ಅದರ ಹತ್ತಾರು ಪಟ್ಟು ಗಾಳಿ ಇರುತ್ತದೆ. ಗಾಬರಿಯಲ್ಲಿ ಪೂರ್ತಿ ಹಿಂಡಿದರೆ ಶ್ವಾಸಕೋಶಕ್ಕೆ ಪೆಟ್ಟು. ಹೆದರಿ ಬೆರಳ ತುದಿಯಲ್ಲಿ ಒತ್ತಿದರೆ ಗಾಳಿ ಒಳಗೆ ಹೋಗುವುದೇ ಇಲ್ಲ. ನಿಮಿಷಕ್ಕೆ ನಲವತ್ತು ಸಲ ಒತ್ತಬೇಕು. ನಾನು ಕಲಿಸುವಾಗ ಬಾಯಲ್ಲಿ ಎಣಿಸಲು ಹೇಳುತ್ತೇನೆ: ‘ಒಂದು’ ಅಂದಾಗ ಒತ್ತು, ‘ಎರಡು, ಮೂರು’ ಅಂದಾಗ ಬಿಡು. ಗಟ್ಟಿಯಾಗಿ ಎಣಿಸಿದವರ ಕೈ ಓಡುವುದಿಲ್ಲ. ಮನಸ್ಸಿನಲ್ಲೇ ಎಣಿಸಿದರೆ ವೇಗ ತಾನಾಗೇ ಏರಿಬಿಡುತ್ತದೆ.

ಇದನ್ನೆಲ್ಲ ಪುಸ್ತಕ ಓದಿ ಹೇಳಬಹುದು. ಮಾಡುವುದು ಬೆರಳು. ಎದೆ ಎದ್ದಿತೇ ಎಂದು ನೋಡುವುದು ಕಣ್ಣು. ಅದೇ ಹೊತ್ತಿಗೆ ಅಮ್ಮನಿಗೆ ರಕ್ತಸ್ರಾವ ಆಗುತ್ತಿರಬಹುದು, ಹೊರಗೆ ಅತ್ತೆ ಬಾಗಿಲು ಬಡಿಯುತ್ತಿರಬಹುದು.

ಈಗ ಒಂದು ಲೆಕ್ಕ ಹಾಕೋಣ. ತಿಂಗಳಿಗೆ ಹತ್ತು ಹೆರಿಗೆ ಆಗುವ ಪ್ರಾಥಮಿಕ ಆರೋಗ್ಯ ಕೇಂದ್ರ (ಪಿಎಚ್‌ಸಿ) ಅಂದುಕೊಳ್ಳಿ. ವರ್ಷಕ್ಕೆ 120 ಹೆರಿಗೆ. ನೂರಕ್ಕೆ ಐದು ಮಕ್ಕಳಿಗೆ ಬ್ಯಾಗ್ ಬೇಕಾದರೆ ವರ್ಷಕ್ಕೆ ಆರು. ಮೂವರು ನರ್ಸ್‌ಗಳು ಪಾಳಿಯಲ್ಲಿ ಕೆಲಸ ಮಾಡಿದರೆ ಒಬ್ಬೊಬ್ಬರಿಗೆ ವರ್ಷಕ್ಕೆ ಎರಡು. ಆರು ತಿಂಗಳಿಗೊಮ್ಮೆ ಬರುವ ಕೆಲಸ, ಅದೂ ಹೇಳದೆ ಕೇಳದೆ ಬರುವುದು, ಅದಕ್ಕೆ ಇರುವ ಸಮಯ ಒಂದು ನಿಮಿಷ. ಎಂಥ ಜಾಣೆಗೂ ಕೈ ತಪ್ಪುತ್ತದೆ. ಇಲ್ಲಿ ಕೊರತೆ ಬುದ್ಧಿಯದ್ದಲ್ಲ, ಕಾಳಜಿಯದ್ದೂ ಅಲ್ಲ, ಅಭ್ಯಾಸದ್ದು. ದೊಡ್ಡ ಆಸ್ಪತ್ರೆಯ ನರ್ಸ್ ದಿನವೂ ಇದನ್ನು ನೋಡುತ್ತಾರೆ. ಸಣ್ಣ ಆಸ್ಪತ್ರೆಯವರಿಗೆ ಆ ಅವಕಾಶವೇ ಇಲ್ಲ. ಅವರಿಗೆ ಬೊಂಬೆ ಬೇಕಾಗಿರುವುದು ಈ ಕಾರಣಕ್ಕೆ. ಕರ್ನಾಟಕದಲ್ಲಿ ಈಗ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದೆ. ತಾಯಂದಿರು ನಮ್ಮನ್ನು ನಂಬಿ ಬಾಗಿಲವರೆಗೆ ಬಂದಿದ್ದಾರೆ. ಒಳಗೆ ನಡೆಯುವುದು ನಮ್ಮ ಹೊಣೆ.

ಈ ಬೊಂಬೆಯ ಕಥೆಯನ್ನೂ ಸ್ವಲ್ಪ ಹೇಳುತ್ತೇನೆ. ನಾರ್ವೆಯ ಸ್ಟಾವಂಗರ್ ಊರಿನ ಆಸ್ಮುಂಡ್ ಲೇರ್ಡಾಲ್ ಎಂಬವರು ಮಕ್ಕಳ ಆಟಿಕೆ ತಯಾರಿಸುತ್ತಿದ್ದರು. ಅವರ ಮಗ ಟೋರೆ ಪುಟ್ಟ ಹುಡುಗನಾಗಿದ್ದಾಗ ನೀರಿಗೆ ಬಿದ್ದು ಇನ್ನೇನು ಹೋಗಿಬಿಡುತ್ತಿದ್ದ, ಅಪ್ಪನೇ ಬದುಕಿಸಿಕೊಂಡರು. ಮುಂದೆ ವೈದ್ಯರು ಬಾಯಿಂದ ಬಾಯಿಗೆ ಉಸಿರು ಕೊಡುವುದನ್ನು ಕಲಿಸಲು ಬೊಂಬೆ ಬೇಕೆಂದು ಕೇಳಿದಾಗ, ಮೃದು ಪ್ಲಾಸ್ಟಿಕ್ಕಿನ ಬೊಂಬೆ ಮಾಡಿ ಅಭ್ಯಾಸವಿದ್ದ ಆಸ್ಮುಂಡ್ 1960ರಲ್ಲಿ ‘ರಿಸಸಿ ಆ್ಯನ್’ ಮಾಡಿಕೊಟ್ಟರು. ಪ್ರಥಮ ಚಿಕಿತ್ಸೆಯ ತರಗತಿಗಳಲ್ಲಿ ನೀವು ನೋಡಿರುವ ಆ ಹೆಂಗಸಿನ ಬೊಂಬೆ ಅದೇ. ನವಜಾತ ಮಗುವಿನ ಈ ಬೊಂಬೆ ‘ನಿಯೊನೆಟಲಿ’ ಬಂದದ್ದು ಐವತ್ತು ವರ್ಷದ ನಂತರ, 2010ರ ಸುಮಾರಿಗೆ. ಬಡ ದೇಶಗಳಿಗೆ ಲಾಭವಿಲ್ಲದ ಬೆಲೆಗೆ ಕೊಡಬೇಕೆಂದೇ ಇದನ್ನು ರೂಪಿಸಿದರು. ಕರೆಂಟ್ ಬೇಡ, ಬ್ಯಾಟರಿ ಬೇಡ. ನೀರು ಖಾಲಿ ಮಾಡಿ ಮಡಚಿದರೆ ಕೈಚೀಲದಲ್ಲಿ ಹೋಗುತ್ತದೆ. ಇಲ್ಲಿ ರಬ್ಬರ್ ಬಲ್ಬ್‌ಗಳಿವೆ ನೋಡಿ. ಒಂದನ್ನು ಅದುಮಿದರೆ ಹೊಕ್ಕುಳಬಳ್ಳಿ ಮಿಡಿಯುತ್ತದೆ, ಇನ್ನೊಂದನ್ನು ಅದುಮಿದರೆ ಬೊಂಬೆ ಉಸಿರಾಡುತ್ತದೆ. ಕಲಿಯುವವರು ಎದೆ ಏಳುವಂತೆ ಗಾಳಿ ಕೊಟ್ಟರೆ ಮಾತ್ರ ನಾನು ಇದನ್ನು ಅದುಮುತ್ತೇನೆ. ಇಲ್ಲದಿದ್ದರೆ ಬೊಂಬೆ ಸುಮ್ನೆ ಮಲಗಿರುತ್ತದೆ. ಆ ಮೌನ ಕಲಿಯುವವರಿಗೆ ಮುಟ್ಟುತ್ತದೆ.

ಅದೇ 2010ರಲ್ಲಿ ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ ಕೆಲವು ಸಂಸ್ಥೆಗಳ ಜೊತೆ ಸೇರಿ ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ಎಂಬ ತರಬೇತಿ ಶುರು ಮಾಡಿತು. ಚಿತ್ರಗಳೇ ಜಾಸ್ತಿ, ಓದು ಕಡಿಮೆ. ಇಬ್ಬಿಬ್ಬರು ಜೋಡಿಯಾಗಿ ಒಂದು ಬೊಂಬೆ ಹಿಡಿದು, ಒಬ್ಬರು ಮಗುವಿನ ಪಾತ್ರ ಆಡಿಸಿದರೆ ಇನ್ನೊಬ್ಬರು ಕೆಲಸ ಮಾಡುತ್ತಾರೆ. ನಮ್ಮ ದೇಶದಲ್ಲಿ 2009ರಲ್ಲೇ ‘ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ’ ಶುರುವಾಗಿತ್ತು, ಎರಡು ದಿನದ ತರಬೇತಿ. ಇಲ್ಲಿರುವ ಸಿಸ್ಟರ್‌ಗಳಲ್ಲಿ ಅದನ್ನು ಮುಗಿಸಿದವರು ಇದ್ದೀರಿ.

ಇನ್ನು ಟಾಂಜಾನಿಯಾಕ್ಕೆ ಹೋಗೋಣ. ದೇಶದ ಉತ್ತರ ಭಾಗದ ಮನ್ಯಾರಾ ಪ್ರಾಂತ್ಯದಲ್ಲಿ ಹೈಡಮ್ ಎಂಬ ಊರಿದೆ. ಅಲ್ಲಿ ನಾರ್ವೆಯ ಮಿಷನರಿಗಳು 1950ರ ದಶಕದಲ್ಲಿ ಕಟ್ಟಿದ ಆಸ್ಪತ್ರೆ ಇದೆ. ಸುತ್ತಲೂ ಹಳ್ಳಿಗಳು. ಹೆರಿಗೆ ಮಾಡಿಸುವುದು ಸೂಲಗಿತ್ತಿ ನರ್ಸ್‌ಗಳು. ನಾರ್ವೆಯ ಅರಿವಳಿಕೆ ತಜ್ಞೆ ಹೆಗೆ ಎರ್ಸ್‌ಡಾಲ್ ಮತ್ತು ಅಲ್ಲಿನ ಎಸ್ಟೊಮಿ ಮ್ದುಮಾ ಅವರ ತಂಡ ಒಂದು ಅಪರೂಪದ ಕೆಲಸ ಮಾಡಿತು. ಪ್ರತಿ ಹೆರಿಗೆಯ ಹೊತ್ತಿಗೂ, ಹಗಲು ರಾತ್ರಿ, ಗಡಿಯಾರ ಹಿಡಿದ ಒಬ್ಬರನ್ನು ಕೋಣೆಯಲ್ಲಿ ನಿಲ್ಲಿಸಿದರು. ಮಗು ಯಾವಾಗ ಹುಟ್ಟಿತು, ಯಾವಾಗ ಒರೆಸಿದರು, ಯಾವಾಗ ಬ್ಯಾಗ್ ಹಿಡಿದರು, ಯಾವಾಗ ಉಸಿರಾಡಿತು, ಎಲ್ಲ ಬರೆದಿಟ್ಟರು.

ಆ ದಾಖಲೆಗಳಿಂದ ಮೊದಲು ತಿಳಿದದ್ದು ಇದು: ಗಾಳಿ ಕೊಡುವುದು 30 ಸೆಕೆಂಡ್ ತಡವಾದಷ್ಟೂ ಮಗು ಸಾಯುವ, ಇಲ್ಲವೇ ಆಸ್ಪತ್ರೆಯಲ್ಲೇ ಉಳಿಯಬೇಕಾಗುವ ಅಪಾಯ ಶೇ 16ರಷ್ಟು ಏರುತ್ತಿತ್ತು. ಮೂವತ್ತು ಸೆಕೆಂಡ್ ಅಂದರೆ ಎಷ್ಟು? ಮೂಗು ಬಾಯಿ ಮತ್ತೊಮ್ಮೆ ಹೀರಿ ತೆಗೆಯೋಣ ಅಂತ ಸಕ್ಷನ್ ಪೈಪು ಹುಡುಕುವಷ್ಟು. ಹೈಡಮಿನಲ್ಲಿ ಮಾತ್ರ ಅಲ್ಲ, ಇಲ್ಲೂ ಹೊತ್ತು ಹೋಗುವುದು ಅಲ್ಲೇ. ಸಕ್ಷನ್ ಮಾಡುತ್ತಿದ್ದರೆ ಏನೋ ಮಾಡುತ್ತಿದ್ದೇವೆ ಅನ್ನುವ ಸಮಾಧಾನ ಸಿಗುತ್ತದೆ. ಮಗುವಿಗೆ ಸಿಗಬೇಕಾದ ಗಾಳಿ ಮಾತ್ರ ಸಿಗುವುದಿಲ್ಲ.

2010ರ ಏಪ್ರಿಲ್‌ನಲ್ಲಿ ಅಲ್ಲಿ ಒಂದು ದಿನದ ತರಬೇತಿ ಆಯಿತು. ಏಳು ತಿಂಗಳ ನಂತರ ಅದೇ ನರ್ಸ್‌ಗಳಿಗೆ ಬೊಂಬೆ ಕೊಟ್ಟು ಪರೀಕ್ಷೆ ಮಾಡಿದರು. ತರಬೇತಿಗೆ ಮುಂಚೆ ನೂರಕ್ಕೆ 18 ಜನ ಪಾಸಾಗಿದ್ದರು, ಈಗ 74 ಜನ. ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೇ ಫೋಟೋ ತೆಗೆಸಿ ವರದಿ ಕಳಿಸಿಬಿಡುತ್ತಿದ್ದರು. ಈ ತಂಡದ ಹತ್ತಿರ ಹೆರಿಗೆ ಕೋಣೆಯ ಲೆಕ್ಕ ಇತ್ತಲ್ಲ, ಅದನ್ನೂ ತೆಗೆದು ನೋಡಿದರು. ಅಲ್ಲಿ ಏನೂ ಬದಲಾಗಿರಲಿಲ್ಲ. ಬೊಂಬೆಯ ಮುಂದೆ ಚೆನ್ನಾಗಿ ಮಾಡುತ್ತಿದ್ದವರು ನಿಜವಾದ ಮಗುವಿನ ಮುಂದೆ ಹಿಂದಿನಂತೆಯೇ ಮಾಡುತ್ತಿದ್ದರು. ಇದನ್ನು ಮುಚ್ಚಿಡದೆ 2013ರಲ್ಲಿ ಪ್ರಕಟಿಸಿದರು. ನನಗೆ ಆ ತಂಡದ ಮೇಲೆ ಗೌರವ ಹುಟ್ಟಿದ್ದು ಇಲ್ಲೇ.

ಆಮೇಲೆ ಏನು ಮಾಡಿದರು? ಇನ್ನೂ ದೊಡ್ಡ ತರಬೇತಿ ಮಾಡಲಿಲ್ಲ, ಸಣ್ಣದು ಮಾಡಿದರು. 2011ರಿಂದ ಬೊಂಬೆಯನ್ನು ಹೆರಿಗೆ ಕೋಣೆಯೊಳಗೇ ಇಟ್ಟರು. ವಾರಕ್ಕೊಮ್ಮೆ ಮೂರರಿಂದ ಐದು ನಿಮಿಷ ಅಲ್ಲೇ, ಕೆಲಸದ ನಡುವೆಯೇ ಅಭ್ಯಾಸ. ಕಲಿಸುವವರು ಹೊರಗಿನಿಂದ ಬಂದವರಲ್ಲ, ಅಲ್ಲಿನ ನರ್ಸ್‌ಗಳೇ. ಮೊದಲ ದಿನದೊಳಗೆ ತೀರಿಕೊಳ್ಳುವ ಮಕ್ಕಳ ಪ್ರಮಾಣ ಸಾವಿರಕ್ಕೆ 11.1 ಇದ್ದದ್ದು 7.2ಕ್ಕೆ ಇಳಿಯಿತು. ಅದೇ ಕೋಣೆ, ಅದೇ ಬ್ಯಾಗ್.

ಇದರಲ್ಲಿ ನನಗೆ ತುಂಬ ಇಷ್ಟವಾದ ಒಂದು ವಿವರ ಇದೆ. ಅಭ್ಯಾಸ ಶುರುವಾದ ಮೇಲೆ ಮೈ ಉಜ್ಜಿ ಎಬ್ಬಿಸಿದ ಮಕ್ಕಳ ಸಂಖ್ಯೆ ಏರಿತು. ಬ್ಯಾಗ್ ಬೇಕಾದ ಮಕ್ಕಳ ಸಂಖ್ಯೆ ನೂರಕ್ಕೆ 7.3ರಿಂದ 5.9ಕ್ಕೆ ಇಳಿಯಿತು. ಬ್ಯಾಗ್ ಹಿಡಿಯುವ ಅಭ್ಯಾಸ ಮಾಡಿದರೆ ಬ್ಯಾಗ್ ಬಳಕೆ ಕಡಿಮೆಯಾಯಿತೇ? ಡಾವ್ಸ್ ಹೇಳಿದ್ದನ್ನು ನೆನಪಿಸಿಕೊಳ್ಳಿ. ಬೇಗ ನೋಡಿ ಬೇಗ ಕೈ ಹಾಕಿದರೆ ಮಗು ಇನ್ನೂ ಮೊದಲನೇ ನಿಲುಗಡೆಯಲ್ಲೇ ಇರುತ್ತದೆ, ಉಜ್ಜಿದರೆ ಏಳುತ್ತದೆ. ಅಭ್ಯಾಸ ಮಾಡಿದವರು ಮಗು ಹುಟ್ಟಿದ ಕೂಡಲೇ ಮಗುವನ್ನು ನೋಡುತ್ತಾರೆ.

ನಮ್ಮ ಬೆಳಗಾವಿಯಲ್ಲೂ ಕೆಲಸ ಆಗಿದೆ. ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಡಾ. ಶಿವಪ್ರಸಾದ್ ಗೌಡರ್ ಮತ್ತು ಸಂಗಡಿಗರು ಹಳ್ಳಿಗಳ ಪಿಎಚ್‌ಸಿಯಿಂದ ಹಿಡಿದು ಜಿಲ್ಲಾ ಆಸ್ಪತ್ರೆಯವರೆಗೆ ಹೆರಿಗೆ ಮಾಡಿಸುವ 599 ಜನರಿಗೆ ಇದೇ ತರಬೇತಿ ಕೊಟ್ಟರು. 2013ರಲ್ಲಿ ಬಂದ ಅವರ ಫಲಿತಾಂಶ ಹೀಗಿದೆ: ಹೆರಿಗೆಯ ಹೊತ್ತಿನಲ್ಲೇ ‘ಸತ್ತು ಹುಟ್ಟಿತು’ ಎಂದು ಬರೆಯುತ್ತಿದ್ದ ಮಕ್ಕಳ ಪ್ರಮಾಣ ಶೇ 1.7ರಿಂದ 0.9ಕ್ಕೆ ಇಳಿಯಿತು. ಇದರ ಅರ್ಥ ನನ್ನನ್ನು ಇವತ್ತಿಗೂ ಕಾಡುತ್ತದೆ. ಆ ಮಕ್ಕಳಲ್ಲಿ ಎಷ್ಟೋ ಮಕ್ಕಳು ಸತ್ತೇ ಇರಲಿಲ್ಲ. ಅಳಲಿಲ್ಲ, ಅಲುಗಲಿಲ್ಲ, ಬಣ್ಣ ಬಿಳುಚಿತ್ತು, ಅಷ್ಟೇ. ಎದೆ ಮಿಡಿಯುತ್ತಿತ್ತು. ಬಟ್ಟೆ ಸುತ್ತಿ ಪಕ್ಕಕ್ಕೆ ಇಟ್ಟದ್ದರಿಂದ ಸತ್ತವು. ಗಾಳಿ ಕೊಡಲು ಕಲಿತ ಮೇಲೆ ಅಂಥವು ಉಸಿರಾಡಿದವು. ಮೊದಲ ತಿಂಗಳ ಸಾವಿನ ಪ್ರಮಾಣ ಮಾತ್ರ ಇಳಿಯಲಿಲ್ಲ, ಶೇ 1.8 ಇದ್ದದ್ದು 1.9ರಲ್ಲೇ ಉಳಿಯಿತು. ಹಾಗೆ ಉಸಿರಾಡಿದ ಮಕ್ಕಳೆಲ್ಲ ಆಮೇಲೆ ತೀರಿಕೊಂಡಿದ್ದರೆ ಈ ಸಂಖ್ಯೆ ಜೋರಾಗಿ ಏರಬೇಕಿತ್ತು. ಏರಲಿಲ್ಲ. ನಾನು ಅದನ್ನು ಓದುವುದು ಹೀಗೆ.

ಮುಂದೆ ಬೆಳಗಾವಿ, ನಾಗಪುರ ಮತ್ತು ಕೆನ್ಯಾದಲ್ಲಿ 71 ಆಸ್ಪತ್ರೆಗಳಲ್ಲಿ ಇದನ್ನು ಹರಡಿದರು. ಮೂರೂ ಕಡೆ ಒಟ್ಟು ಸಾವು ಇಳಿಯುತ್ತದೆಂಬ ನಿರೀಕ್ಷೆ ಪೂರ್ತಿ ಈಡೇರಲಿಲ್ಲ. ನಾಗಪುರದಲ್ಲಿ ಇಳಿಕೆ ಕಂಡಿತು, ಎಲ್ಲ ಕಡೆ ಅಲ್ಲ. ಅದೇ ಕೆಲಸದಲ್ಲಿ ಇನ್ನೊಂದು ವಿಷಯವೂ ತಿಳಿಯಿತು: ತರಬೇತಿಯಾಗಿ ತಿಂಗಳುಗಳು ಕಳೆದರೂ ಪ್ರಶ್ನೆ ಕೇಳಿದರೆ ಉತ್ತರ ಸರಿಯಾಗಿ ಬರುತ್ತಿತ್ತು, ಬ್ಯಾಗ್ ಹಿಡಿಯುವ ಕೈಚಳಕ ಮಾತ್ರ ಬೇಗ ಕುಸಿದಿತ್ತು. ತಲೆ ಮರೆಯುವುದಕ್ಕಿಂತ ಮೊದಲು ಕೈ ಮರೆಯುತ್ತದೆ. ಬರಹದ ಪರೀಕ್ಷೆ ಇಟ್ಟು ಸರ್ಟಿಫಿಕೇಟ್ ಕೊಟ್ಟರೆ ನಮಗೆ ನಾವೇ ಸುಳ್ಳು ಹೇಳಿಕೊಂಡ ಹಾಗೆ.

ಟಾಂಜಾನಿಯಾದವರು ಮಾತ್ರ ಹಿಡಿದ ದಾರಿ ಬಿಡಲಿಲ್ಲ. ಐದು ಪ್ರಾಂತ್ಯಗಳ 30 ಆಸ್ಪತ್ರೆಗಳಿಗೆ ಅದನ್ನು ಒಯ್ದರು. ವಾರವಾರದ ಅಭ್ಯಾಸದ ಜೊತೆಗೆ ಹೆರಿಗೆ ನೋವಿನ ವೇಳೆ ಮಗುವಿನ ಎದೆಬಡಿತ ನೋಡುವ ಸಾಧನ, ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಹಿಂಡುವ ಹೊಸ ಬಗೆಯ ಬ್ಯಾಗ್, ತಮ್ಮ ಆಸ್ಪತ್ರೆಯ ಅಂಕಿಅಂಶವನ್ನು ತಾವೇ ಕೂತು ನೋಡುವ ಪದ್ಧತಿ, ಇವನ್ನೆಲ್ಲ ಸೇರಿಸಿದರು. ಸುಮಾರು 2,80,000 ಹೆರಿಗೆಗಳ ಲೆಕ್ಕ 2025ರಲ್ಲಿ ಹೊರಬಂತು. ಹೆರಿಗೆಯ ಆಸುಪಾಸಿನ ಮಕ್ಕಳ ಸಾವು ಸಾವಿರಕ್ಕೆ 15.3ರಿಂದ 12.5ಕ್ಕೆ ಇಳಿದಿತ್ತು.

ಉತ್ತರ ಕರ್ನಾಟಕದಲ್ಲೂ ಸುಕ್ಷೇಮ ಯೋಜನೆಯಲ್ಲಿ ನರ್ಸ್ ಮೆಂಟರ್‌ಗಳು, ಅಂದರೆ ಬೇರೆ ನರ್ಸ್‌ಗಳಿಗೆ ಕಲಿಸುವ ನರ್ಸ್‌ಗಳು, ಬಳ್ಳಾರಿ, ಕಲಬುರಗಿ ಕಡೆಯ ಪಿಎಚ್‌ಸಿಗಳಿಗೇ ಹೋಗಿ, ಅಲ್ಲಿನ ಹೆರಿಗೆ ಕೋಣೆಯಲ್ಲೇ ಕಲಿಸಿದ್ದುಂಟು. ಜಿಲ್ಲಾ ಕೇಂದ್ರದ ಸಭಾಂಗಣಕ್ಕೆ ಕರೆಸಿ ಕೂರಿಸುವುದಕ್ಕಿಂತ ಇದು ಎಷ್ಟೋ ಮೇಲು ಅಂತ ನನ್ನ ನಂಬಿಕೆ. ತಮ್ಮ ಕೋಣೆಯಲ್ಲಿ ಕಲಿತವರಿಗೆ ಬ್ಯಾಗ್ ಎಲ್ಲಿದೆ, ಮಗುವನ್ನು ಬೆಚ್ಚಗಿಡುವ ವಾರ್ಮರಿನ ಸ್ವಿಚ್ ಎಲ್ಲಿದೆ, ತೀರಾ ಪುಟ್ಟ ಮಕ್ಕಳಿಗೆ ಬೇಕಾದ ಸೊನ್ನೆ ನಂಬರಿನ ಮಾಸ್ಕು ಇದೆಯೋ ಇಲ್ಲವೋ ಎಲ್ಲವೂ ಆಗಲೇ ತಿಳಿಯುತ್ತದೆ.

ಈಗ ಮನಸ್ಸಿಗೆ ನೋವಾಗುವ ಒಂದು ಮಾತು. ನಾನು ಹೋದ ಕೆಲವು ಕಡೆ ಬೊಂಬೆ ಎಲ್ಲಿ ಸಿಸ್ಟರ್ ಅಂತ ಕೇಳಿದರೆ ಕಪಾಟಿನ ಬೀಗ ತೆಗೆಯುತ್ತಾರೆ. ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರುವುದಿಲ್ಲ. ಅವರನ್ನು ದೂರಿ ಉಪಯೋಗ ಇಲ್ಲ. ಬೊಂಬೆ ಸ್ಟಾಕ್ ರಿಜಿಸ್ಟರಿನಲ್ಲಿದೆ. ‘ಹರಿದು ಹೋದರೆ ಯಾರು ಮೇಡಂ ಉತ್ತರ ಕೊಡೋದು? ಆಡಿಟ್‌ನಲ್ಲಿ ನಮ್ಮನ್ನೇ ಕೇಳ್ತಾರೆ’ ಅಂದರು ಒಬ್ಬರು. ನ್ಯಾಯವಾದ ಭಯ. ಬೊಂಬೆ ಇರುವುದು ಸವೆಯುವುದಕ್ಕೇ ಎಂದು ಮೇಲಿನವರು ಬರೆದುಕೊಡಬೇಕು. ನಾನು ತಪಾಸಣೆಗೆ ಹೋದರೆ ಹೊಸದರಂತೆ ಹೊಳೆಯುವ ಬೊಂಬೆ ಕಂಡರೆ ಬೇಸರ ಪಡುತ್ತೇನೆ. ಮುಖದ ಬಣ್ಣ ಮಾಸಿ, ಕತ್ತಿನ ಹತ್ತಿರ ತೇಪೆ ಹಾಕಿದ್ದರೆ ಆ ಸಿಸ್ಟರ್‌ಗಳ ಕೈ ಕುಲುಕಬೇಕು ಅನಿಸುತ್ತದೆ.

ಅಭ್ಯಾಸ ಆದ ಮೇಲೆ ಆಡುವ ಮಾತೂ ಅಷ್ಟೇ ಮುಖ್ಯ. ಎಲ್ಲರ ಮುಂದೆ ‘ಇಷ್ಟೂ ಗೊತ್ತಿಲ್ವಾ’ ಅಂತ ಡಾಕ್ಟರು ಗದರಿಸಿದರೆ ಮುಂದಿನ ವಾರ ಯಾರೂ ಬೊಂಬೆ ಮುಟ್ಟುವುದಿಲ್ಲ. ‘ಎದೆ ಏಳಲಿಲ್ಲ ಅಂತ ನಿಮಗೆ ಯಾವಾಗ ಗೊತ್ತಾಯ್ತು? ಆಗ ಏನು ಮಾಡಿದ್ರಿ?’ ಅಂತ ಕೇಳಿ ನೋಡಿ. ಅವರೇ ಹೇಳುತ್ತಾರೆ, ಅವರೇ ಸರಿಮಾಡಿಕೊಳ್ಳುತ್ತಾರೆ.

ಇಷ್ಟು ಹೇಳಿ ಪ್ರಶ್ನೆಗಳಿಗೆ ಬಿಟ್ಟೆ.

ಒಬ್ಬ ಅಜ್ಜಿ ಎದ್ದು, ‘ನಮ್ಮ ಕಾಲದಾಗ ಕಾಲು ಹಿಡಿದು ತಲೆಕೆಳಗ ಮಾಡಿ ಕುಂಡಿಗೆ ಬಡೀತಿದ್ರು, ತಣ್ಣೀರು ಚಿಮುಕಸ್ತಿದ್ರು. ಅದು ತಪ್ಪೇನವಾ?’ ಎಂದು ಕೇಳಿದರು. ಹೌದು ಅಜ್ಜಿ, ಅದು ಬೇಡ. ಅವುಗಳಿಂದ ಎದ್ದ ಮಕ್ಕಳು ಬೆನ್ನು ಉಜ್ಜಿದರೂ ಏಳುತ್ತಿದ್ದವು. ಏಳದ ಮಕ್ಕಳಿಗೆ ಹೊಡೆತದಿಂದ ಪೆಟ್ಟು, ತಣ್ಣೀರಿನಿಂದ ಚಳಿ. ನವಜಾತ ಮಗು ತಣ್ಣಗಾದರೆ ಇನ್ನಷ್ಟು ಬಳಲುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಒದ್ದೆಯಾದ ಬಟ್ಟೆ ತೆಗೆದು ಬಿಸಾಡಿ, ಇನ್ನೊಂದು ಒಣ ಬಟ್ಟೆ ಹೊದಿಸಬೇಕು. ಆದರೆ ಆಗಿನ ಸೂಲಗಿತ್ತಿಯರು ಸುಮ್ಮನೆ ನಿಂತು ನೋಡಲಿಲ್ಲ, ಮಗುವನ್ನು ಎಬ್ಬಿಸಲು ಪಾಡು ಪಟ್ಟರು. ಆ ತವಕ ಸರಿಯಾದದ್ದೇ.

ಒಬ್ಬ ಆಶಾ ಕಾರ್ಯಕರ್ತೆ ಕೇಳಿದರು: ‘ಮೇಡಂ, ದಾರಿಯಲ್ಲೇ ಹೆರಿಗೆ ಆದ್ರೆ? ನಮ್ಮ ಹತ್ರ ಬ್ಯಾಗ್ ಇರಲ್ಲ.’ ಒರೆಸುವುದು, ಬೆನ್ನು ಉಜ್ಜುವುದು, ಅಮ್ಮನ ಎದೆಗೆ ಒರಗಿಸಿ ಹೊದಿಸುವುದು ನಿಮ್ಮ ಕೈಲಿ ಆಗುತ್ತದೆ. ಅಷ್ಟಕ್ಕೇ ಏಳುವ ಮಕ್ಕಳೇ ಜಾಸ್ತಿ. 108 ಬಂದ ಕೂಡಲೇ ಅದರಲ್ಲಿರುವ ಸಿಬ್ಬಂದಿಗೆ ‘ಮಗು ಉಸಿರಾಡ್ತಿಲ್ಲ, ಬ್ಯಾಗ್ ತನ್ನಿ’ ಅಂತ ಕೂಗಿ ಹೇಳಿ, ಬೇರೆ ಮಾತು ಆಮೇಲೆ. ಮಹಾರಾಷ್ಟ್ರದ ಗಡ್ಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಅವರ ತಂಡ ಹಳ್ಳಿಯ ಹೆಂಗಸರಿಗೇ ಬ್ಯಾಗ್ ಮತ್ತು ಮಾಸ್ಕು ಹಿಡಿಯಲು ಕಲಿಸಿತ್ತು, ಅವರು ಮನೆಗಳಲ್ಲಿ ಮಕ್ಕಳನ್ನು ಉಸಿರಾಡಿಸಿದರು. ಹೆಚ್ಚು ಓದಿದವರಿಗೆ ಮಾತ್ರ ಬರುವ ವಿದ್ಯೆ ಇದಲ್ಲ.

ಕೊನೆಗೆ ಕೇಳಿದವರು ಹಿಂದಿನ ಸಾಲಿನ ಒಬ್ಬ ಸ್ಟಾಫ್ ನರ್ಸ್. ‘ನೀವು ಇಬ್ಬಿಬ್ಬರು ಜೋಡಿ ಅಂದ್ರಿ. ರಾತ್ರಿ ಡ್ಯೂಟಿಯಲ್ಲಿ ನಾನು ಒಬ್ಬಳೇ ಮೇಡಂ. ಒಬ್ಬ ಆಯಾ ಇರ್ತಾರೆ. ಆಗ ಹೇಗೆ?’

ಹಾಗಾದರೆ ಅಭ್ಯಾಸವೂ ಹಾಗೇ ಆಗಬೇಕು ಸಿಸ್ಟರ್. ನೀವು ಮತ್ತು ಆಯಾ, ಅಷ್ಟೇ ಜನ, ರಾತ್ರಿ ಪಾಳಿಯಲ್ಲಿ, ಅದೇ ಬಲ್ಬಿನ ಬೆಳಕಿನಲ್ಲಿ. ಆಯಾಗೂ ಪಾಲು ಕೊಡಿ. ಬಟ್ಟೆ ಕೊಡುವುದು, ಗಡಿಯಾರ ನೋಡಿ ‘ಅರ್ಧ ನಿಮಿಷ ಆಯ್ತು’ ಅಂತ ಕೂಗುವುದು, ಡಾಕ್ಟರಿಗೆ ಫೋನ್ ಮಾಡುವುದು, ನೀವು ಬ್ಯಾಗ್ ಹಿಡಿದಿರುವಾಗ ಅಮ್ಮನ ರಕ್ತಸ್ರಾವದ ಮೇಲೆ ಕಣ್ಣಿಡುವುದು. ಅಮ್ಮನ ಪಕ್ಕದಲ್ಲೇ ಮಗುವಿಗೆ ಗಾಳಿ ಕೊಡಲು ಜಾಗ ಆಗುತ್ತದೆಯೇ ಎಂದು ಮಂಚ ಸರಿಸಿ ನೋಡಿ. ಬ್ಯಾಗ್ ಟ್ರೇ ಮುಚ್ಚಳದ ಕೆಳಗೆ ಇದ್ದರೆ ಒಂದು ಕೈಯಲ್ಲಿ ತೆರೆಯಲು ಬರುತ್ತದೆಯೇ ಎಂದು ನೋಡಿ. ಕರೆಂಟ್ ಹೋಗುವ ಊರಾದರೆ ಲೈಟ್ ಆರಿಸಿ, ಟಾರ್ಚ್ ಆಯಾ ಕೈಗೆ ಕೊಟ್ಟು ಒಂದು ಸಲ ಮಾಡಿ. ನಿಮ್ಮ ವೈದ್ಯಾಧಿಕಾರಿ ಒಪ್ಪಿದರೆ ಮುಂದಿನ ವಾರ ನಿಮ್ಮ ರಾತ್ರಿ ಪಾಳಿಯ ದಿನವೇ ಈ ಬೊಂಬೆ ತೆಗೆದುಕೊಂಡು ಬರುತ್ತೇನೆ. ಹೆರಿಗೆ ಇಲ್ಲದ ಹೊತ್ತು ನೋಡಿ ಆಯಾ ಅವರನ್ನೂ ಸೇರಿಸಿಕೊಂಡು ಮೂವರೇ ಮಾಡೋಣ.